ನವಿಲುಗೊರಳಿನ ಬಣ್ಣದ ದನಿ

ನೋಡ್ರೀ ಓದುಗ ದೊರೆಗಳೇ, ಆಳಂದ, ಅಫಜಲಪುರ, ಜೇವರ್ಗಿ, ಈ ಮೂರೂ ತಾಲ್ಲೂಕಿನಲ್ಲಿ ತರಲೆಗೆ ಪ್ರಶಸ್ತಿ ಕೊಡುತ್ತಿದ್ದರೆ ನಮ್ಮ ಮನೆಯ ಗೋಡೆಯಲ್ಲಿ ಮೊಳೆ ಹೊಡೆಯಲು ಜಾಗ ಇರುತ್ತಿರಲಿಲ್ಲ. ಬಾಯಿಂದಲೇ ಕಂಡಕ್ಟರನ ಸೀಟಿ ಹೊಡೆದು ಆಳಂದದ ಬಸ್ಸನ್ನು ತೊಗರಿ ಹೊಲದ ನಡುವೆ ನಿಲ್ಲಿಸಿದವನು ನಾನು, ಸಿದ್ದರಾಮೇಶ. ಹೆಸರು ಕೇಳಿದರೆ ಹಿನ್ನೆಲೆ ಸಂಗೀತ ತಾನಾಗೇ ಬರಬೇಕು. ಇವತ್ತಿನವರೆಗೆ ಒಮ್ಮೆಯೂ ಸಿಕ್ಕಿಬಿದ್ದಿಲ್ಲ.

ಆದರೆ ಈ ಕತೆಯ ಹೀರೋ ನಾನಲ್ಲ. ನಮ್ಮ ಮಾದನಹಿಪ್ಪರಗಾದ ಟೇಲರ್ ಕಲ್ಯಾಣಕುಮಾರ, ನನ್ನ ದೋಸ್ತ.

ಅವನಿಗೆ ಹುಟ್ಟಿನಿಂದಲೂ ಒಂದು ವಿಚಿತ್ರ. ಶಬ್ದ ಕೇಳಿದರೆ ಬಣ್ಣ ಕಾಣುತ್ತದೆ. ಹೊಲಿಗೆ ಯಂತ್ರ ಓಡಿದರೆ ತಿಳಿಹಳದಿ ಗೆರೆ, ಕುಕ್ಕರ್ ಕೂಗಿದರೆ ಬೆಳ್ಳಿ ಚುಕ್ಕಿ. ಅವನ ಅವ್ವ ಕಾಶಿಬಾಯಿ ಬೈದರೆ ಕೆಂಪು ಖಾರದ ಪುಡಿ ಹಾರಿದಂತೆ. ನನ್ನ ದನಿ ಹರಳೆಣ್ಣೆಯ ಬಣ್ಣವಂತೆ. ಇರಲಿ, ದೋಸ್ತಿಯಲ್ಲಿ ಇವೆಲ್ಲ ನಡೆಯುತ್ತವೆ. ಕಲಬುರಗಿಯ ಡಾಕ್ಟರು, ‘ಇದು ರೋಗ ಅಲ್ಲ, ಮಿದುಳಿನ ವೈರಿಂಗೇ ಹಂಗ ಅದ’ ಎಂದು ಕೈ ತೊಳೆದುಕೊಂಡಿದ್ದರು. ಊರವರು ಬಿಡುತ್ತಾರೆಯೇ? ಅಂಗಡಿಗೆ ಬಂದವರೆಲ್ಲ ಒಮ್ಮೆ ಕೆಮ್ಮಿ, ‘ನಂದ್ಯಾವ ಬಣ್ಣ ಹೇಳೋ’ ಎನ್ನುವರು.

ಗೋಳು ಶುರುವಾದದ್ದು ನೀರಿನಿಂದ. ನಮ್ಮೂರಲ್ಲಿ ನಳದ ನೀರು ಮೂರು ದಿನಕ್ಕೊಮ್ಮೆ. ನೀರು ಬಿಡುವ ಯಾಕೂಬಸಾಬ ಈಚೆಗೆ ಗಂಟಲು ಹರಿದುಕೊಳ್ಳುವುದನ್ನು ಬಿಟ್ಟು, ಟ್ಯಾಂಕಿನ ಮೇಲಿನ ಸ್ಪೀಕರಿನಲ್ಲಿ ರೆಕಾರ್ಡಿಂಗ್ ಹಚ್ಚುತ್ತಿದ್ದ. ಅದರಲ್ಲಿ ಒಂದು ಹೆಣ್ಣುದನಿ: ‘ಅಕ್ಕಗೋಳ್ರ್ಯಾ... ನಳಕ್ಕ ನೀರ ಬಂದಾವ್ರೀ!’

ಮೊದಲ ಸಲ ಅದನ್ನು ಕೇಳಿದ ದಿನ ಕಲ್ಯಾಣಕುಮಾರ ಒಬ್ಬರ ಅಂಗಿಗೆ ಮೂರನೇ ತೋಳು ಹೊಲಿದುಬಿಟ್ಟ. ಅದು ನವಿಲುಗೊರಳಿನ ಬಣ್ಣ! ಅವನ ಇನ್ನೂರು ರೀಲು ದಾರದಲ್ಲೂ ಇಲ್ಲದ ಬಣ್ಣ.

‘ಮದವಿ ಅಂತ ಆದ್ರ ಈ ದನಿ ಜೋಡೀನ,’ ಎಂದು ಕತ್ತರಿ ಮುಟ್ಟಿ ಆಣೆ ಮಾಡಿದ.

ಯಾರ ದನಿ ಎಂದು ಕೇಳಿದರೆ ಯಾಕೂಬಸಾಬ ಮುಗಿಲು ನೋಡುತ್ತ, ‘ಅಫಜಲಪುರ ಕಡಿಂದ ಬಂದದ ಬಾಬಾ, ಹೆಚ್ಚಿಗಿ ಕೇಳಬ್ಯಾಡ’ ಎನ್ನುತ್ತಿದ್ದ.

ಆಮೇಲೆ ಹೆಣ್ಣು ನೋಡಲು ಹೋದ ನಾಲ್ಕೂ ಕಡೆ, ಹುಡುಗಿ ಹೆಸರು ಹೇಳುವ ಹೊತ್ತಿಗೆ ಇವನು ಕಣ್ಣು ಮುಚ್ಚಿ ಬಣ್ಣ ನೋಡಿ, ತಲೆ ಅಲ್ಲಾಡಿಸಿ ಎದ್ದು ಬಂದಿದ್ದ. ಐದನೆಯದು ಗೊಬ್ಬೂರ. ನಾನೂ ಜೊತೆಗಿದ್ದೆ.

ಬಸ್ಸಿನಲ್ಲೇ ಕಾಶಿಬಾಯಿ ಖಾರ ಹಾರಿಸಿದಳು. ‘ಮೂವತ್ತೆರಡ ತುಂಬ್ಯಾವ ನಿನಗ. ಇವತ್ತೂ ಕೆಟ್ಟರ ನಾ ಜೇವರ್ಗಿಗೆ ಮಗಳ ಮನಿಗೆ ಹೋಗ್ತೇನಿ. ರೊಟ್ಟಿ ನೀನ ಬಡಕೋ!’

‘ಗೊಬ್ಬೂರ ಅಫಜಲಪುರ ತಾಲೂಕಲ್ಲೇನ ಯವ್ವಾ? ಇಲ್ಲೇ ಸಿಗ್ತಾಳ,’ ಎಂದ ಮಗ.

ಹುಡುಗಿಯ ಅಪ್ಪ ಚಂದಪ್ಪ ಪಡಸಾಲೆಯಲ್ಲಿ ಕೂರಿಸಿದ. ಒಳಗಿನಿಂದ ಮಿರ್ಚಿ ಭಜಿಯ ಘಮ. ಹುಡುಗಿ ಚಹಾ ತಂದಿಟ್ಟು ಎದುರು ಕೂತಳು.

‘ಹೆಸರೇನ್ರಿ?’ ಎಂದು ಕೇಳಿ ಕಲ್ಯಾಣಕುಮಾರ ಕಣ್ಣು ಮುಚ್ಚಿದ.

‘ಶಿವಗಂಗಾ.’

ಈ ಸಲ ಕಣ್ಣು ಬೇಗ ತೆರೆಯಲಿಲ್ಲ. ಹುಡುಗಿಯ ಸೋದರಮಾವ ಜಗದೇವ ಹಾರಿ ಬಿದ್ದ. ‘ಏ, ಹುಡುಗಗ ಫಿಟ್ಸ್ ಬಂತು! ಉಳ್ಳಾಗಡ್ಡಿ ತರ್ರಿ!’

ಅಂಗೈಗೆ ಕೀಲಿಗೊಂಚಲು, ಮೂಗಿಗೆ ಜಜ್ಜಿದ ಉಳ್ಳಾಗಡ್ಡಿ. ಕಲ್ಯಾಣಕುಮಾರ ಕಣ್ಣೀರು ಸುರಿಸುತ್ತ, ‘ಫಿಟ್ಸ್ ಅಲ್ರೀ, ಬಣ್ಣ ನೋಡಾಕತ್ತಿದ್ದೆ!’ ಎಂದು ಒದರಿ, ತನ್ನ ವಿಚಿತ್ರವನ್ನು ವಿವರಿಸಿದ.

‘ಹಂಗಾರ ನಂದು?’ ಜಗದೇವ ಎದೆ ಉಬ್ಬಿಸಿದ.

‘ಕೆಸರಾಗಿಂದ ಎಮ್ಮಿ ಎದ್ದ ಬಂದಂಗ್ರಿ.’

ಜಗದೇವನ ಎದೆ ಟುಸ್ಸೆಂದು ಇಳಿಯಿತು. ಶಿವಗಂಗಾ ಕಿಸಕ್ಕೆಂದು ನಕ್ಕಳು. ‘ನಂದೂ ಹೇಳಿಬಿಡ್ರಿ.’

‘ಹೊಸಾ ಹುಣಸಿಹಣ್ಣಿನ ಬಣ್ಣರಿ.’

‘ಛಲೋ ಆತು. ನೆನಸಿದ್ರ ಸಾಕು, ಬಾಯಾಗ ನೀರ ಬರಬೇಕಲ್ಲ!’

ಕಲ್ಯಾಣಕುಮಾರ ಮೊದಲ ಸಲ ನವಿಲನ್ನು ಮರೆತ. ಅವ್ವನ ಕಿವಿಯಲ್ಲಿ, ‘ಹೂಂ ಅನ್ನು,’ ಎಂದ. ಕಾಶಿಬಾಯಿ ಸಕ್ಕರೆ ಪೊಟ್ಟಣಕ್ಕಾಗಿ ಚೀಲಕ್ಕೆ ಕೈ ಹಾಕಿದಳು. ಸಕ್ಕರೆ ಹಂಚಿದರೆ ಸಂಬಂಧ ಗಟ್ಟಿ. ನಾನು ‘ಹೊಟ್ಟೆ ಯಾಕೋ...’ ಎನ್ನುತ್ತ ಹಿತ್ತಲಿಗೆ ಹೋದೆ. ಮುಂದಿನದನ್ನು ಕಿಟಕಿಯಿಂದ ಕಂಡೆ.

‘ಅಕ್ಕಗೋಳ್ರ್ಯಾ... ನಳಕ್ಕ ನೀರ ಬಂದಾವ್ರೀ!’

ಗೊಬ್ಬೂರದಲ್ಲೂ ನೀರಿನದು ಅದೇ ಪಾಡು. ಚಂದಪ್ಪನ ಹೆಂಡತಿ ಭುವನೇಶ್ವರಿ ಬಾಂಡಲೆ ಬಿಟ್ಟು, ಕೊಡ ಹಿಡಿದು ಓಡಿದಳು. ಓಣಿಯ ಹೆಂಗಸರೆಲ್ಲ ಓಡಿದರು. ಅವರ ಹಿಂದೆ, ಕೈಯಲ್ಲಿ ಇನ್ನೂ ಉಳ್ಳಾಗಡ್ಡಿ ಹಿಡಿದ ನಮ್ಮ ಹೀರೋ!

‘ಅದೇ ಬಣ್ಣ! ಅಕ್ಕಾರ, ನೀವು ಕೂಗಿದ್ರೇನ್ರಿ? ಯವ್ವಾ, ನೀವರ ಒಂದ ಸಲ ಬಾಯಿ ಬಿಡ್ರಿ!’

ನಳದಲ್ಲಿ ಗಾಳಿ ಬುಸುಗುಡುತ್ತಿತ್ತು. ಮೊದಲೇ ಉರಿದೆದ್ದ ಭುವನೇಶ್ವರಿ ತಿರುಗಿ ನೋಡಿದಳು. ‘ಮಗಳನ್ನ ನೋಡಾಕ ಬಂದು ಅತ್ತಿ ಬೆನ್ನ ಹತ್ತ್ಯಾನ ಭಾಡ್ಯಾ!’

ಸ್ಟೀಲಿನ ಕೊಡ ತಲೆಯ ಮೇಲೆ ಢಣ್ ಎಂದಿತು. ಆ ಶಬ್ದದ ಬಣ್ಣ ಯಾವುದೆಂದು ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಬಾಗಿಲಲ್ಲಿ ನಿಂತಿದ್ದ ಶಿವಗಂಗಾ ಈಗ ನಗುತ್ತಿರಲಿಲ್ಲ. ‘ಹುಣಸಿಹಣ್ಣ ಸಾಲಲಿಲ್ಲೇನ್ರಿ?’ ಎಂದು ಬಾಗಿಲು ಮುಚ್ಚಿಕೊಂಡಳು.

ಕಾಶಿಬಾಯಿ ಸಕ್ಕರೆ ಪೊಟ್ಟಣದ ಸಮೇತ ಜೇವರ್ಗಿಯ ಬಸ್ಸು ಹತ್ತಿದಳು. ನಾವಿಬ್ಬರೂ ಊರಿನ ಹಾದಿ ಹಿಡಿದೆವು. ಬಸ್ಸಿನಲ್ಲಿ ಕಲ್ಯಾಣಕುಮಾರ ತಲೆಯ ಬುಗುಟು ಸವರುತ್ತ ನನ್ನ ಕೈ ಹಿಡಿದ.

‘ಸಿದ್ದ್ಯಾ, ಆಕಿ ಗೊಬ್ಬೂರಾಗೇ ಅದಾಳಲೇ. ಶಿವಗಂಗಾನಂತೂ ಕಳಕೊಂಡೆ. ಆಕಿನ್ನರ ಹುಡುಕಿ ಕೊಡ್ತಿ ಇಲ್ಲೋ?’

‘ಕೊಡ್ತೇನಿ ದೋಸ್ತ,’ ಎಂದೆ, ನನ್ನ ಹರಳೆಣ್ಣೆಯಲ್ಲಿ.

ಇನ್ನು ನಿಮ್ಮಿಂದ ಮುಚ್ಚಿಟ್ಟು ಪ್ರಯೋಜನವಿಲ್ಲ. ಹೆಣ್ಣಿನಂತೆ ಕೂಗಿ ಯಾಕೂಬಸಾಬನ ಮೊಬೈಲಿಗೆ ಆ ದನಿ ತುಂಬಿಕೊಟ್ಟವನು ನಾನೇ. ಅಫಜಲಪುರದ ಸುಳ್ಳು ಕಲಿಸಿದವನೂ ನಾನೇ. ಆದರೆ ಗೊಬ್ಬೂರದ ಹಿತ್ತಲಲ್ಲಿ ಕೂಗಿದ್ದು ದೋಸ್ತನ ಮದುವೆ ಕೆಡಿಸಲು ಅಲ್ಲ, ಘತ್ತರಗಿ ಭಾಗ್ಯವಂತಿ ದೇವಿಯ ಆಣೆ. ಭುವನೇಶ್ವರಿ ಅತ್ತಿ ಐದು ನಿಮಿಷ ಬಾಂಡಲೆ ಬಿಟ್ಟು ಹೋಗಲಿ ಎಂದಷ್ಟೇ.

ಕಿಸೆಯಲ್ಲಿ ನಾಲ್ಕು ಭಜಿ ಇನ್ನೂ ಬೆಚ್ಚಗಿದ್ದವು. ಅವನಿಗೆ ಎರಡು ಕೊಟ್ಟೆ.

‘ಭಾರಿ ಆಗ್ಯಾವಲೇ. ಎಲ್ಲಿವು?’ ಎಂದ.

ನಾನು ಉಳಿದೆರಡನ್ನೂ ಒಟ್ಟಿಗೇ ಬಾಯಿಗೆ ತುರುಕಿಕೊಂಡೆ. ಮಿರ್ಚಿ ನೆತ್ತಿಗೇರಿತ್ತು, ಬಾಯಿ ಬಿಟ್ಟರೆ ಯಾವ ಬಣ್ಣ ಹೊರಬೀಳುತ್ತದೋ ಯಾರಿಗೆ ಗೊತ್ತು!