ಮಂಚದ ಕೆಳಗಿನ ರಾಗಿ ಪೈರು

ನನಗೆ ಸಿಟ್ಟು ಬರುವುದು ಬೇಗ, ಇಳಿಯುವುದು ನಿಧಾನ. ಅಕ್ಕಿಯ ಜೀನೋಮನ್ನು, ಅಂದರೆ ಅದರ ವಂಶದ ಬರಹವನ್ನೆಲ್ಲ, ದೇಶದೇಶಗಳ ವಿಜ್ಞಾನಿಗಳು ಕೂಡಿ ಓದಿ ಮುಗಿಸಿದರು ಎಂದು ಪತ್ರಿಕೆಯಲ್ಲಿ ಬಂದ ದಿನವೂ ಸಿಟ್ಟೇ ಬಂತು. ಹೊತ್ತುಹೊತ್ತಿಗೆ ಮುದ್ದೆ ನುಂಗುವ ನಮ್ಮ ಕನಕಪುರದ ಕಡೆಯ ರಾಗಿಯನ್ನು ಕೇಳುವವರೇ ಇಲ್ಲವೇ? ಇದ್ದರು: ಬೆಂಗಳೂರಿನ ಒಂದು ಸಣ್ಣ ಪ್ರಯೋಗಾಲಯ, ಅಲ್ಲಿ ಸಹಾಯಕನಾಗಿದ್ದ ನಾನು, ನನ್ನನ್ನು ಬೈಯುವುದಕ್ಕೆ ಒಬ್ಬರು ಮುಖ್ಯಸ್ಥರು.

ರಸ್ತೆ ಬದಿಯ ಹೊಲಗಳೆಲ್ಲ ಕಾರ್ಖಾನೆಗಳಾಗುತ್ತಿದ್ದ ಕಾಲ. ಅಂಥದೊಂದು ಹೊಲದ ಹಳೇ ತಳಿಯ ರಾಗಿ ಒಂದು ಹಿಡಿ ಮಾತ್ರ ಉಳಿದಿತ್ತು. ಅದನ್ನು ಬಿತ್ತಿ, ಎಳೆ ಪೈರಿನಿಂದ ಡಿಎನ್‌ಎ ತೆಗೆಯಬೇಕು. ಪೈರು ಕತ್ತಲಲ್ಲೇ ಬೆಳೆದು ಬೆಳ್ಳಗಿದ್ದರೆ ಕೆಲಸ ಸಲೀಸು. ಪ್ರಯೋಗಾಲಯದ ಕತ್ತಲೆ ಕೋಣೆಗೆ ಬಣ್ಣ ಬಳಿಯುತ್ತಿದ್ದರಿಂದ ಟ್ರೇಯನ್ನು ಕನಕಪುರದ ನನ್ನ ಮನೆಗೆ ತಂದು, ಮಂಚದ ಕೆಳಗಿಟ್ಟು, ಕಪ್ಪು ಬಟ್ಟೆ ಮುಚ್ಚಿದೆ. ಮುಟ್ಟಬೇಡ ಎಂದು ಹೆಂಡತಿಗೆ ಹೇಳಿದೆ. ಸಾತನೂರಿನಿಂದ ಬಂದಿದ್ದ ಅತ್ತೆಗೆ ಹೇಳಲಿಲ್ಲ.

ಒಂದು ಸಂಜೆ ಮನೆಗೆ ಬಂದರೆ ಟ್ರೇ ಅಂಗಳದಲ್ಲಿತ್ತು. ಪೈರು ಗಿಳಿಹಸಿರಾಗಿತ್ತು.

"ಪಾಪ, ಬಿಳಿಚ್ಕಂಡ್ಬುಟ್ಟಿದ್ವು ಅಳೀಂದ್ರೆ. ಒಸಿ ಬಿಸ್ಲಿಗೆ ಮಡಗಿ ನೀರಾಕ್ದೆ" ಎಂದರು ಅತ್ತೆ, ಭೇಷ್ ಅನ್ನಿಸಿಕೊಳ್ಳಲು ಕಾಯುವವರಂತೆ.

ನಾನು ಕೂಗಾಡಿದೆ. ಅಕ್ಕಿಯವರ ಮೇಲಿದ್ದ ಸಿಟ್ಟು, ಕಾರ್ಖಾನೆಯವರ ಮೇಲಿದ್ದ ಸಿಟ್ಟು, ಮುಖ್ಯಸ್ಥರ ಮೇಲೆ ತೋರಿಸಲಾಗದ ಸಿಟ್ಟು, ಎಲ್ಲವೂ ಅತ್ತೆಯ ತಲೆಯ ಮೇಲೆ ಸುರಿಯಿತು. ಅವರು ಚೀಲ ಹಿಡಿದು ಬಸ್‌ಸ್ಟ್ಯಾಂಡಿಗೆ ನಡೆದುಬಿಟ್ಟರು. ನಾನು ಮುಖ್ಯಸ್ಥರಿಗೆ ಫೋನ್ ಮಾಡಿದೆ.

"ಹಸಿರಾದರೇನಂತೆ? ಡಿಎನ್‌ಎ ಬರುತ್ತೆ. ಶುದ್ಧ ಮಾಡೋ ಕೆಲಸ ಒಂದಿಷ್ಟು ಜಾಸ್ತಿ. ನೀವೇ ಮಾಡಿ" ಎಂದು ಫೋನ್ ಇಟ್ಟರು.

ಅಲ್ಲಿಗೆ ನನ್ನ ಸಿಟ್ಟಿಗೆ ಕಾರಣವೇ ಇಲ್ಲದಂತಾಯಿತು. ಅದಕ್ಕೂ ಸಿಟ್ಟು ಬಂತು.

"ನಮ್ಮವ್ವನ್ನ ಕರ್ಕೊಂಡೇ ಮನೆಗೆ ಬನ್ನಿ" ಎಂದು ಹೆಂಡತಿ ನನ್ನನ್ನು ಹೊರಗೆ ಕಳಿಸಿ ಬಾಗಿಲಿಗೆ ಅಡ್ಡ ನಿಂತಳು.

ಅತ್ತೆ ಸಾತನೂರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದರು. ನಾನು ಹತ್ತಿ, ಕಂಬಿ ಹಿಡಿದು ನಿಂತು, "ಮುಂಚೆ ಹೇಳದೆ ಇದ್ದದ್ದು ನನ್ನ ತಪ್ಪೇ. ಆದರೆ ನೀವೂ ಒಂದು ಮಾತು ಕೇಳಬಾರದಿತ್ತೇ?" ಎಂದು ಬೈಯುವ ದನಿಯಲ್ಲೇ ಕ್ಷಮೆ ಕೇಳಿದೆ. ಅವರು ಕಿಟಕಿಯಾಚೆಗೇ ನೋಡುತ್ತಿದ್ದರು. ಅಕ್ಕಿಗೆ ಸಿಕ್ಕ ಮರ್ಯಾದೆ, ರಾಗಿಗೆ ಆದ ಅನ್ಯಾಯ, ಕತ್ತಲೆಯ ಮಹತ್ವ ಎಲ್ಲವನ್ನೂ ವಿವರಿಸಿ ಮುಗಿಸುವಷ್ಟರಲ್ಲಿ ಬಸ್ಸು ಊರು ದಾಟಿತ್ತು. ಕಂಡಕ್ಟರ್ ಬಂದು ನನ್ನನ್ನು ಮೇಲೆ ಕೆಳಗೆ ನೋಡಿದ.

"ನಮ್ಮಳೀರು ಕಣಪ್ಪ" ಎಂದರು ಅತ್ತೆ. "ಸಾತನೂರ್ಗೆ ಎಲ್ಡು ಟಿಕೀಟ್ ಕೊಡು. ಒಸಿ ಸಿಟ್ಟಾಗವ್ರೆ, ಸೀಟಿದ್ರೆ ಕೂರ್ಸು."