ಟೆನಿಸ್ ಇಲಾಖೆ, ಗುಬ್ಬಿ ಶಾಖೆ

ಬೇರೆ ಆಟಗಾರ್ತಿಯರಿಗೆ ಮಂಡಿನೋವು ಬರತ್ತೆ, ಬೆನ್ನುನೋವು ಬರತ್ತೆ. ನನಗೆ ಎಡವಟ್ಟು ಪ್ರಸಂಗಗಳು ಬರ್ತವೆ. ಮೂರು ದಿನ ಏನೂ ಆಗ್ಲಿಲ್ಲ ಅಂದ್ರೆ ನಮ್ಮಮ್ಮನೇ ಗಾಬರಿಯಾಗಿ, "ಯಾಕೆ ಕಣೇ, ಹುಷಾರಿಲ್ವಾ?" ಅಂತ ಹಣೆ ಮುಟ್ಟಿ ನೋಡ್ತಾಳೆ.

ನಾನು ಪ್ರೊಫೆಷನಲ್ ಟೆನಿಸ್ ಆಟಗಾರ್ತಿ. ವಯಸ್ಸು ಹದಿನೆಂಟು, ಊರು ಗುಬ್ಬಿ, ಪ್ರಾಕ್ಟೀಸು ತುಮಕೂರಲ್ಲಿ, ಓದು ಸೆಕೆಂಡ್ ಪಿಯುಸಿ ಅರ್ಧ. ಎಕನಾಮಿಕ್ಸ್ ಪುಸ್ತಕವನ್ನ ಎಲ್ಲಿಗೆ ನಿಲ್ಲಿಸಿದೆ ಅಂತ ಈಗಲೂ ಕರೆಕ್ಟಾಗಿ ತೋರಿಸ್ತೀನಿ, ಆ ಪುಟದಲ್ಲಿ ಬಸ್ ಟಿಕೆಟ್ ಇಟ್ಟಿದೀನಿ. ನನ್ನ ಫೋರ್‌ಹ್ಯಾಂಡ್ ಹೊಡೆತ ಒಂದ್ಸಲ ನೋಡಿದೋರು ಆಮೇಲೆ ನನಗೆ ಓದು ಅಂತ ಹೇಳಲ್ಲ. ನಮ್ಮಪ್ಪ ಒಬ್ರನ್ನ ಬಿಟ್ಟು.

ಅಪ್ಪನ ಷರತ್ತು ಇದು: "ಈ ಸೀಸನ್ ಮುಗಿಯೋದ್ರೊಳಗೆ ಒಂದೇ ಒಂದು ವರ್ಲ್ಡ್ ರ್ಯಾಂಕಿಂಗ್ ಪಾಯಿಂಟ್ ತಗೊಂಡು ಬಾ. ಬಂತಾ, ಆಡ್ಕೊ. ಬರ್ಲಿಲ್ವಾ, ಜೂನ್‌ಗೆ ಬಾಯಿ ಮುಚ್ಕೊಂಡು ಕಾಲೇಜು."

ಒಂದು ಪಾಯಿಂಟ್ ಅಂದ್ರೆ ಒಂದು ಸಲ ಬಾಲ್ ಹೊಡೆದ್ರೆ ಬರೋದಲ್ಲ. ಪ್ರೊ ಟೂರ್ನಮೆಂಟಿನ ಮೇನ್ ಡ್ರಾನಲ್ಲಿ, ಅಂದ್ರೆ ಮುಖ್ಯ ಸುತ್ತಲ್ಲಿ, ಒಂದು ಮ್ಯಾಚ್ ಗೆಲ್ಲಬೇಕು. ಆ ಮೇನ್ ಡ್ರಾ ಒಳಗೆ ಹೋಗೋಕೆ ಅದಕ್ಕೂ ಮೊದಲು ಅರ್ಹತಾ ಸುತ್ತು ದಾಟಬೇಕು. ನಾನು ದಾಟ್ತೀನಿ ಅನ್ನೋದ್ರಲ್ಲಿ ನನಗೆ ಯಾವತ್ತೂ ಡೌಟ್ ಇರ್ಲಿಲ್ಲ. ಉಳಿದೋರಿಗೆ ಇತ್ತು, ಅದು ಅವರ ಸಮಸ್ಯೆ.

ಪರ್ಮನೆಂಟಾ?

ನಮ್ಮ ಪಕ್ಕದ್ಮನೆ ಆಂಟಿ ಒಂದಿನ ಕಾಂಪೌಂಡ್ ಗೋಡೆ ಮೇಲಿಂದ ಕೇಳಿದ್ರು.

"ಓದು ಬಿಟ್ಟು ಏನ್ಮಾಡ್ತಿದ್ಯೇ?"

"ಟೆನಿಸ್ ಆಡ್ತೀನಿ ಆಂಟಿ."

"ಅದು ಸಾಯಂಕಾಲಕ್ಕಾಯ್ತು. ಬೆಳಗ್ಗೆ?"

"ಬೆಳಗ್ಗೆನೂ ಟೆನಿಸ್ಸೇ."

"ಹಂಗಾದ್ರೆ ಕೆಲಸ ಯಾವಾಗ ಮಾಡ್ತೀಯಾ?"

ಇನ್ನು ವಿವರಿಸೋದು ವೇಸ್ಟ್ ಅಂತ, "ಟೆನಿಸ್ ಇಲಾಖೇಲಿದೀನಿ ಆಂಟಿ" ಅಂದ್ಬಿಟ್ಟೆ. ಆಂಟಿ ಮುಖ ತಕ್ಷಣ ಅರಳ್ತು. "ಪರ್ಮನೆಂಟಾ?"

"ಇಲ್ಲ, ಇನ್ನೂ ಪ್ರೊಬೇಷನ್ನು. ಒಂದು ಪಾಯಿಂಟ್ ಬಂದ್ರೆ ಪರ್ಮನೆಂಟ್." ಇದ್ರಲ್ಲಿ ಸುಳ್ಳೇನೂ ಇಲ್ಲ.

"ಟ್ರಾನ್ಸ್‌ಫರ್ ಹೆಂಗೆ?"

"ವಾರಕ್ಕೊಂದು ಊರು."

"ಅಯ್ಯೋ, ಯಾರೋ ನಿನ್ನ ಮೇಲೆ ದ್ವೇಷ ಸಾಧಿಸ್ತಿದಾರೆ ಕಣೇ" ಅಂದು ಲೊಚಗುಟ್ಟಿ, ದನಿ ಇಳಿಸಿ, "ನಮ್ಮ ಹುಡುಗನಿಗೂ ಒಂದು ಪೋಸ್ಟ್ ನೋಡೇ" ಅಂದ್ರು. ಅವರ ಮಗ ಅಂದ್ರೆ ಹತ್ತು ಗಂಟೆಗೆ ಎದ್ದು, ಎದ್ದಿದ್ದೇ ಸುಸ್ತಾಯ್ತು ಅಂತ ಮತ್ತೆ ಮಲಗೋ ಪಾರ್ಟಿ. ನಾನು ಗಂಭೀರವಾಗಿ, "ಫಿಸಿಕಲ್ ಟೆಸ್ಟ್ ಇದೆ ಆಂಟಿ. ದಿನಾ ಬೆಳಗ್ಗೆ ಐದಕ್ಕೆ ಕೆರೆ ಏರಿ ಮೇಲೆ ಆ ತುದಿಯಿಂದ ಈ ತುದಿಗೆ ಐದು ಸಲ ಓಡಿಸಿ" ಅಂದೆ.

ಓಡಿಸಿದ್ರು. ಮಾರನೇ ದಿನದಿಂದಲೇ, ಕೈಯಲ್ಲಿ ಪೊರಕೆ ಹಿಡ್ಕೊಂಡು. ನಾನೂ ಅಲ್ಲೇ ಓಡೋದು, ಅವನು ಏರಿ ಮೇಲೆ ನನ್ನನ್ನ ದಾಟುವಾಗೆಲ್ಲ, "ನಿಮ್ಮ ಇಲಾಖೆ ಮುಚ್ಚೋಗ" ಅಂತ ಶಾಪ ಹಾಕ್ಕೊಂಡೇ ದಾಟ್ತಿದ್ದ. ನಾಲ್ಕು ತಿಂಗಳು ಹಂಗೇ ಓಡಿದ. ಅಷ್ಟರಲ್ಲಿ ಪೊಲೀಸ್ ಕಾನ್ಸ್‌ಟೇಬಲ್ ಕೆಲಸಕ್ಕೆ ಕರೆದ್ರು, ಓಟದಲ್ಲಿ ಎಲ್ಲರನ್ನೂ ಹಿಂದೆ ಹಾಕಿ ಸೆಲೆಕ್ಟ್ ಆಗ್ಬಿಟ್ಟ!

ಆಂಟಿ ಮೈಸೂರ್‌ಪಾಕ್ ತಂದು ನನ್ನ ಬಾಯಿಗೇ ಇಟ್ರು. "ಬೇಜಾರ್ ಮಾಡ್ಕೋಬೇಡ ಕಣೇ, ನಿಮ್ಮ ಇಲಾಖೆಗೆ ಬರೋಕಾಗ್ಲಿಲ್ಲ. ನಿಂದಿನ್ನೂ ಪರ್ಮನೆಂಟ್ ಆಗಿಲ್ವಲ್ಲಾ? ಇವನ ಕೈಲಿ ಒಂದು ಮಾತು ಹೇಳಿಸ್ಲಾ?"

ರೈಟ್, ಹೋಲ್ಡಾನ್

ನಮ್ಮಪ್ಪ ತುಮಕೂರು–ಕುಣಿಗಲ್ ರೂಟಿನಲ್ಲಿ ಬಸ್ ಕಂಡಕ್ಟರ್. ಷರತ್ತು ಹಾಕಿದ್ರೂ ನನಗೆ ಬಾಲ್ ಎಸೆದು ಪ್ರಾಕ್ಟೀಸ್ ಕೊಡೋದು ಅವರೇ. ಡ್ಯೂಟಿ ಮುಗಿಸಿ ಖಾಕಿ ಶರ್ಟಲ್ಲೇ ಕೋರ್ಟಿಗೆ ಬರ್ತಾರೆ. ಟೆನಿಸ್ ಭಾಷೆ ಅವರಿಗೆ ಬರಲ್ಲ, ಬರೋದು ಬಸ್ಸಿನ ಭಾಷೆ. ಬಾಲ್ ಒಳಗೆ ಬೀಳತ್ತೆ ಅನ್ನಿಸಿದ್ರೆ "ರೈಟ್!" ಅಂತಾರೆ, ನಾನು ಜಡೀಬೇಕು. ಆಚೆ ಹೋಗತ್ತೆ ಅನ್ನಿಸಿದ್ರೆ "ಹೋಲ್ಡಾನ್!", ನಾನು ಮುಟ್ಟಬಾರದು. ನಾಲ್ಕು ವರ್ಷ ಇದೇ ನಡೀತು. ಈಗ ನನ್ನ ಕಿವಿಗೂ ಕಾಲಿಗೂ ಮಧ್ಯೆ ಮಿದುಳಿಗೆ ಕೆಲಸವೇ ಇಲ್ಲ.

ಬೆಂಗಳೂರಲ್ಲಿ ಒಂದು ಟೂರ್ನಮೆಂಟು. ಅರ್ಹತಾ ಸುತ್ತಿನ ಕೊನೇ ಮ್ಯಾಚು, ಗೆದ್ರೆ ಮೇನ್ ಡ್ರಾ. ಕೋರ್ಟಿನ ಗೋಡೆ ಆಚೆಗೆ ಬಸ್ ಸ್ಟಾಪ್. ಮಧ್ಯಾಹ್ನದ ಹೊತ್ತು, ಜನ ಕಮ್ಮಿ, ಬಸ್ಸುಗಳು ನಿಂತ ಹಾಗೆ ಮಾಡಿ ಹೊರಡ್ತಿದ್ವು. ಗೋಡೆ ಆಚೆಯಿಂದ ಬರೀ "ರೈಟ್ ರೈಟ್!" ನಾನು ಜಡಿದೆ ಜಡಿದೆ, ಮೊದಲ ಸೆಟ್ ಆರು–ಎರಡು. ಎದುರಾಳಿ ಹುಡುಗಿ ರ್ಯಾಕೆಟ್ ಬದಲಾಯಿಸಿ ನೋಡಿದ್ಲು, ಕ್ಯಾಪ್ ಬದಲಾಯಿಸಿ ನೋಡಿದ್ಲು. ಏನೂ ಪ್ರಯೋಜನ ಆಗ್ಲಿಲ್ಲ.

ನಾಲ್ಕು ಗಂಟೆಗೆ ಸ್ಕೂಲು ಬಿಡ್ತು. ಸ್ಟಾಪ್ ತುಂಬಾ ಮಕ್ಕಳು. "ಹೋಲ್ಡಾನ್! ಹೋಲ್ಡಾನ್! ಹಿಂದೆ ಹತ್ತೋರಿದಾರೆ, ಹೋಲ್ಡಾನ್!" ನಾನು ನಿಂತೆ. ಬಾಲ್ ಪಕ್ಕದಲ್ಲೇ ಹೋಯ್ತು. ಮತ್ತೆ "ಹೋಲ್ಡಾನ್!" ಮತ್ತೆ ನಿಂತೆ. ಎರಡು ಸೆಟ್ ಕಣ್ಮುಂದೆನೇ ಹೋದ್ವು. ಎಷ್ಟು ಮಕ್ಕಳ್ರೀ ಆ ಸ್ಕೂಲಲ್ಲಿ!

ಮನೆಗೆ ಬಂದು ಅಪ್ಪನಿಗೆ ಎಲ್ಲಾ ಹೇಳಿದೆ. ಸಮಾಧಾನ ಮಾಡ್ತಾರೆ ಅಂದ್ಕೊಂಡೆ. ಅಪ್ಪ ಯೋಚನೆ ಮಾಡಿ, "ನೋಡು, ಹತ್ತೋರು ಇನ್ನೂ ಇದ್ರೆ ಹೋಲ್ಡಾನ್ ಅನ್ಲೇಬೇಕು. ಆ ಕಂಡಕ್ಟರ್‌ದೇನೂ ತಪ್ಪಿಲ್ಲ" ಅಂದ್ರು.

ಯಾರ ಕಾಯಿಲೆ?

ಮೊಣಕೈ ನೋವು ಶುರುವಾಯ್ತು. ಅಮ್ಮ ತುಮಕೂರಿನ ಡಾಕ್ಟರ್ ಹತ್ರ ಕರ್ಕೊಂಡು ಹೋದ್ಲು. ಡಾಕ್ಟರು ಒತ್ತಿ ನೋಡಿ, "ಇದು ಟೆನಿಸ್ ಎಲ್ಬೋ" ಅಂದ್ರು.

"ಹೌದು ಸಾರ್, ನಾನು ಟೆನಿಸ್ ಆಡ್ತೀನಿ."

"ಛೇ ಛೇ, ಅದರಿಂದ ಇರಲ್ಲಮ್ಮ. ಇಪ್ಪತ್ತು ವರ್ಷದಿಂದ ನೋಡ್ತಿದೀನಿ, ಟೆನಿಸ್ ಆಡಿ ಟೆನಿಸ್ ಎಲ್ಬೋ ಬಂದೋರು ಒಬ್ರೂ ಬಂದಿಲ್ಲ. ಎಲ್ಲಾ ಬಟ್ಟೆ ಹಿಂಡೋರು, ಮುದ್ದೆ ತಿರುವೋರು. ಮನೇಲಿ ಬಟ್ಟೆ ಒಗೀತೀಯಾ?"

ನಾನು ಬಾಯಿ ಬಿಡೋದ್ರೊಳಗೆ ಅಮ್ಮ, "ಇವಳಾ? ಒಂದು ಕರ್ಚೀಫ್ ಹಿಂಡಿದ್ರೆ ಕೇಳಿ! ಒಗೆಯೋಳು ನಾನು, ತಿರುವೋಳು ನಾನು. ಹಂಗಾದ್ರೆ ಇದು ನನ್ನ ಕಾಯಿಲೆ ಅಲ್ವಾ ಡಾಕ್ಟ್ರೇ? ಇವಳಿಗೆ ಹೆಂಗೆ ಹೋಯ್ತು?" ಅಂದ್ಲು.

ಡಾಕ್ಟರಿಗೂ ಅದೇ ಸರಿ ಅನ್ನಿಸ್ತು. ಅಮ್ಮನ ಕೈ ಒತ್ತಿ ನೋಡಿದ್ರು, ಅಮ್ಮ "ಹಾ" ಅಂದ್ಲು. ಮಾತ್ರೆ, ಮುಲಾಮು, ಹದಿನೈದು ದಿನ ರೆಸ್ಟು, ಎಲ್ಲಾ ಅಮ್ಮನಿಗೆ. ಆ ಹದಿನೈದು ದಿನ ಬಟ್ಟೆ ಒಗೆದೋಳು ನಾನು.

ಕೈಗೆರಡು ಮುದ್ದೆ

ಕಝಾಕಿಸ್ತಾನದ ಒಬ್ಬಳು ಡಬಲ್ಸ್‌ನಲ್ಲಿ ನನ್ನ ಜೊತೆಗಾರ್ತಿ. ಮುಂದಿನ ಟೂರ್ನಮೆಂಟಿಗೆ ಎರಡು ದಿನ ಇತ್ತು, ನಮ್ಮನೇಲೇ ಇರು ಅಂತ ಗುಬ್ಬಿಗೆ ಕರ್ಕೊಂಡು ಬಂದೆ. ನನ್ನ ಅರ್ಧ ಪಿಯುಸಿ ಇಂಗ್ಲಿಷು, ಅವಳ ಅರ್ಧ ಇಂಗ್ಲಿಷು, ಎರಡೂ ಸೇರಿ ಒಂದು ಪೂರ್ತಿ ಆಗ್ತಿತ್ತು.

ಊಟಕ್ಕೆ ಕೂತ್ವಿ. ತಟ್ಟೇಲಿ ರಾಗಿಮುದ್ದೆ ನೋಡಿ ಅವಳು, "ಇದೇನು?" ಅಂದ್ಲು. ನನ್ನ ನಾಲಿಗೆ ಸುಮ್ನಿರತ್ತಾ? "ಇದು ತಿನ್ನೋದಲ್ಲ, ಎಕ್ಸರ್‌ಸೈಜಿಗೆ. ಆರಿದ ಮೇಲೆ ಅಂಗೈಲಿಟ್ಕೊಂಡು ನೂರು ಸಲ ಅದುಮಬೇಕು. ರ್ಯಾಕೆಟ್ ಹಿಡಿತ ಉಕ್ಕಿನ ಥರ ಆಗತ್ತೆ" ಅಂದೆ. ಪಾಪ, ಭಲೇ ಶ್ರದ್ಧೆ ಹುಡುಗಿ. ಕೂತಲ್ಲೇ ಕಣ್ಮುಚ್ಚಿ ಅದುಮೋಕೆ ಶುರು ಮಾಡಿದ್ಲು. ಮುದ್ದೆ ಬೆರಳ ಸಂದೀಲಿ ಬರ್ತಾ ಇದೆ, ಇವಳು ಎಣಿಸ್ತಾ ಇದಾಳೆ. ನಾನು ನಗು ತಡೀಲಾರದೆ ಸಾರಿನ ಬಟ್ಟಲಿಗೆ ಮುಖ ಹಾಕಿದ್ದೆ.

ಅಮ್ಮ ಒಳಗಿಂದ ಬಂದು ನೋಡಿದ್ಲು. "ಪಾಪ, ಅವರ ದೇಶದಲ್ಲಿ ಹಂಗೇ ಉಣ್ತಾರೇನೋ" ಅಂದು, ಇನ್ನೊಂದು ಕೈ ಖಾಲಿ ಇದೆ ಅಂತ ಅದಕ್ಕೂ ಒಂದು ಮುದ್ದೆ ಇಟ್ಲು.

ಎರಡು ದಿನ, ಎರಡು ಹೊತ್ತು, ಎರಡು ಕೈ. ಟೂರ್ನಮೆಂಟಿಗೆ ಹೋದ್ವಿ. ಸಿಂಗಲ್ಸ್ ಅರ್ಹತಾ ಸುತ್ತಲ್ಲಿ ನನ್ನ ಎದುರಾಳಿ ಯಾರು? ಇವಳೇ. ಆರು–ಒಂದು, ಆರು–ಎರಡು. ನನ್ನ ಪಾಯಿಂಟ್ ಮತ್ತೆ ಹೋಯ್ತು. ಆಟ ಮುಗಿದ ಮೇಲೆ ನೆಟ್ ಹತ್ರ ಬಂದು ನನ್ನ ಕೈ ಕುಲುಕಿದ್ಲು ನೋಡಿ, ಬೆರಳು ಲಟಕ್ ಅಂತು. "ಥ್ಯಾಂಕ್ಯೂ. ಆ ಕಂದು ಬಾಲು ಎಲ್ಲಿ ಸಿಗತ್ತೆ? ನಮ್ಮ ಕೋಚ್‌ಗೂ ಬೇಕಂತೆ."

ಕಾಲೆತ್ತು

ಸೀಸನ್ನಿನ ಕೊನೇ ಟೂರ್ನಮೆಂಟ್ ನಮ್ಮ ತುಮಕೂರಿಗೇ ಬಂತು. ಊರ ಹುಡುಗಿ ಅಂತ ನನ್ನನ್ನ ನೇರ ಮೇನ್ ಡ್ರಾಗೇ ಹಾಕಿದ್ರು. ಇದೊಂದು ಮ್ಯಾಚ್ ಗೆದ್ರೆ ಪಾಯಿಂಟು, ಸೋತ್ರೆ ಎಕನಾಮಿಕ್ಸು. ಅಪ್ಪ ರಜೆ ಹಾಕಿ ಬಂದ್ರು. ಜೊತೆಗೆ ಕೊತ್ತಗೆರೆಯಿಂದ ನಮ್ಮ ತಾತನ್ನೂ ಕರ್ಕೊಂಡು ಬಂದ್ರು.

ತಾತನ ಬಗ್ಗೆ ಹೇಳ್ಬೇಕು. ಸುತ್ತ ಹಳ್ಳೀಲಿ ಹೊಲದ ಬದು ಒತ್ತಿದ ತಕರಾರು ಎದ್ರೆ, ಸರ್ವೇಯರಿಗಿಂತ ಮುಂಚೆ ತಾತನಿಗೆ ಕರೆ ಬರತ್ತೆ. ಕುಕ್ಕರಗಾಲಲ್ಲಿ ಕೂತು ಮಣ್ಣು ಮುಟ್ಟಿ, ನೇಗಿಲು ಈ ಕಡೆ ಬಂದಿದ್ದು ನೆನ್ನೆನೋ ಮೊನ್ನೆನೋ ಹೇಳಿಬಿಡ್ತಾರೆ. ಒಂದ್ಸಲ ಸ್ವಂತ ತಮ್ಮನ ವಿರುದ್ಧವೇ ತೀರ್ಪು ಹೇಳಿ, ಮೂರು ವರ್ಷ ಆ ಮನೆ ಹಬ್ಬದೂಟ ಕಳ್ಕೊಂಡೋರು.

ಎದುರಾಳಿ ಜಪಾನ್ ಹುಡುಗಿ. ಕೆಮ್ಮಣ್ಣಿನ ಕೋರ್ಟು. ಮೂರನೇ ಸೆಟ್ಟು, ಐದು–ನಾಲ್ಕು, ಅಡ್ವಾಂಟೇಜ್ ನನಗೆ. ಇನ್ನೊಂದೇ ಹೊಡೆತ. ಅವಳು ಹೊಡೆದ ಬಾಲು ನನ್ನ ಹಿಂದಿನ ಗೆರೆ ಹತ್ರ ಬಿತ್ತು. ಅಂಪೈರ್ ಮೇಡಂ ಔಟ್ ಅನ್ನಲಿಲ್ಲ, ಅಂದ್ರೆ ಒಳಗೆ ಅಂತ. ನಾನು ಆಟ ನಿಲ್ಲಿಸಿ ಬೆರಳೆತ್ತಿದೆ: "ಔಟ್!"

ಮಣ್ಣಿನ ಕೋರ್ಟಲ್ಲಿ ಬಾಲ್ ಬಿದ್ದ ಗುರುತು ಉಳಿಯತ್ತೆ, ಡೌಟ್ ಇದ್ರೆ ಅಂಪೈರ್ ಕೆಳಗಿಳಿದು ನೋಡ್ಬೇಕು. ಮೇಡಂ ಕುರ್ಚಿ ಇಳಿದು ಬಂದ್ರು. ನಾನು ವಿನಯವಾಗಿ, ಗೆರೆಯಿಂದ ಒಂದು ಗೇಣು ಆಚೆ ಇದ್ದ ಚೆಂದದ ಗುರುತೊಂದನ್ನ ತೋರಿಸಿದೆ. ಅದು ಹಿಂದಿನ ಗೇಮಲ್ಲಿ ಬಿದ್ದಿದ್ದು. ಈಗ ಬಿದ್ದ ಗುರುತಿನ ಮೇಲೆ ನನ್ನ ಶೂ ಆಕಸ್ಮಿಕವಾಗಿ ನಿಂತಿತ್ತು.

ಮೇಡಂ ಬಗ್ಗಿ ನೋಡ್ತಿದಾರೆ. ನನ್ನ ಬೆನ್ನ ಹಿಂದೆ ಜಾಲರಿ ಆಚೆಯಿಂದ ಒಂದು ದನಿ.

"ಏ ಮಗಾ, ಕಾಲೆತ್ತು."

ಮೇಡಂ ತಲೆಯೆತ್ತಿ, "ಯಾರ್ರೀ ಅದು? ಸೈಲೆನ್ಸ್" ಅಂದ್ರು.

"ಸೈಲೆನ್ಸಾಗೇ ಎತ್ಲಿ ತಾಯಿ, ಕಾಲೆತ್ತಕ್ಕೆ ಸದ್ದ್ಯಾಕೆ?" ಅಂದ್ರು ತಾತ. "ಅವಳು ತೋರಿಸ್ತಿರೋದು ಹಳೇದು. ಅಂಚು ಒಣಗಿ ಪುಡಿ ಉದುರ್ತಾ ಐತೆ. ಹೊಸಾದು ಅವಳ ಕಾಲ್ಕೆಳಗೈತೆ. ಗೆರೆ ಮುಟ್ಟೈತೆ."

ನಾನು ಹಲ್ಲು ಕಚ್ಚಿ, "ತಾತ, ನಾನು ನಿನ್ನ ಮೊಮ್ಮಗಳು!" ಅಂದೆ.

"ಗೊತ್ತು ಕಣವ್ವ. ಅದಕ್ಕೇ ಮೊದ್ಲು ನಿನ್ನ ಕಾಲೇ ನೋಡಿದ್ದು."

ಕಾಲೆತ್ತಿದೆ. ಅರ್ಧ ಗುರುತು ಅಳಿಸಿತ್ತು, ಉಳಿದಿದ್ದು ಗೆರೆ ಮುಟ್ಟಿದ ಅರ್ಧವೇ. ಮೇಡಂ ನನ್ನನ್ನ ನೋಡಿದ ನೋಟ ಇದೆಯಲ್ಲ, ಹೆಡ್‌ಮಾಸ್ಟರ್ ರೂಮಿನ ನೆನಪಾಯ್ತು. ನನ್ನ ಪಾಯಿಂಟು ಅವಳಿಗೆ ಹೋಯ್ತು, ಸ್ಕೋರು ಮತ್ತೆ ಸಮ. ಅಪ್ಪ ಟವೆಲ್ಲಲ್ಲಿ ಮುಖ ಮುಚ್ಕೊಂಡು ಕೂತಿದ್ರು. ಜಪಾನ್ ಹುಡುಗಿ ಜಾಲರಿ ಕಡೆ ತಿರುಗಿ, ಸೊಂಟ ಬಗ್ಗಿಸಿ ತಾತನಿಗೆ ನಮಸ್ಕಾರ ಮಾಡಿದ್ಲು. ತಾತನೂ ಕೈಮುಗಿದ್ರು.

ಸರಿ, ನೋಡೇ ಬಿಡೋಣ ಅಂದ್ಕೊಂಡೆ. ಕೋಪ ಬಂದ್ರೆ ನನ್ನ ಫೋರ್‌ಹ್ಯಾಂಡ್ ಇನ್ನೂ ಚೆನ್ನಾಗಿರತ್ತೆ. ಮುಂದಿನ ಪಾಯಿಂಟ್ ಜಡಿದೇ ತಗೊಂಡೆ, ಮತ್ತೆ ಅಡ್ವಾಂಟೇಜ್. ಆಮೇಲೆ ಆ ಮೂಲೆಯಿಂದ ಈ ಮೂಲೆಗೆ ಅವಳನ್ನ ಓಡಿಸಿದೆ ಓಡಿಸಿದೆ, ಕೊನೆಗೆ ಸುಸ್ತಾಗಿ ಅವಳು ಎತ್ತಿ ಹೊಡೆದ ಬಾಲು ಹಿಂದಿನ ಗೆರೆ ಹತ್ರ ಬಂದು ಬಿತ್ತು.

"ಔಟ್!" ಅಂದ್ರು ಮೇಡಂ. "ಗೇಮ್, ಸೆಟ್..." ಅಷ್ಟಕ್ಕೇ ನಿಂತೋಯ್ತು.

ಯಾಕಂದ್ರೆ ಜಪಾನ್ ಹುಡುಗಿ ಕೈ ಕುಲುಕೋಕೆ ಬರ್ಲೇ ಇಲ್ಲ. ಅವಳು ತಾತನ್ನ ನೋಡ್ತಾ ನಿಂತಿದ್ಲು. ಅವಳನ್ನ ನೋಡಿ ಮೇಡಂ ಕೂಡ ತಾತನ್ನ ನೋಡಿದ್ರು. ನಾನು ಎರಡು ಕಾಲನ್ನೂ ಗುರುತಿನಿಂದ ಮಾರು ದೂರ ಇಟ್ಕೊಂಡು ನಿಂತಿದ್ದೆ.

ತಾತ ಜಾಲರಿ ಬಾಗಿಲು ತೆಗೆದು, ಚಪ್ಪಲಿ ಆಚೆ ಬಿಟ್ಟು, ಪಂಚೆ ಎತ್ತಿ ಕಟ್ಕೊಂಡು ಒಳಗೆ ಬಂದ್ರು. ಯಾರೂ ತಡೀಲಿಲ್ಲ. ಕುಕ್ಕರಗಾಲಲ್ಲಿ ಕೂತ್ರು. ಮಣ್ಣು ಮುಟ್ಟಿದ್ರು.

"ತಾತ, ಬೇಗ ಹೇಳು. ಕಾಲೇಜು ಶುರುವಾಗ್ಬಿಡತ್ತೆ!"

"ಅವಸರ ಮಾಡಬ್ಯಾಡ." ಗೆರೆಗೂ ಗುರುತಿಗೂ ಮಧ್ಯೆ ಬೆರಳಿಟ್ಟು ಅಳೆದ್ರು. ಇನ್ನೊಂದ್ಸಲ ಅಳೆದ್ರು. ಎದ್ದು ನಿಂತು ಆ ಹುಡುಗಿಗೆ ಎರಡು ಬೆರಳೆತ್ತಿ ತೋರಿಸಿ, "ಎರಡು ಬೆರಳು ಆಚೆ ಕಣವ್ವ" ಅಂದ್ರು.

ಅವಳು ತಾತನಿಗೆ ಬಗ್ಗಿ ನಮಸ್ಕಾರ ಮಾಡಿ, ಆಮೇಲೆ ಬಂದು ನನ್ನ ಕೈ ಕುಲುಕಿದ್ಲು. ಮೇಡಂ ನಿಲ್ಲಿಸಿದ್ದ ಮಾತು ಮುಗಿಸಿದ್ರು: "...ಆಂಡ್ ಮ್ಯಾಚ್." ಅಪ್ಪ ಟವೆಲ್ ತೆಗೆದು, "ಬಂತಾ? ಪಾಯಿಂಟ್ ಬಂತಾ?" ಅಂತ ಪಕ್ಕದೋರನ್ನೆಲ್ಲ ಕೇಳ್ತಿದ್ರು.

ತಾತ ಕೈಗೆ ಮೆತ್ತಿದ ಮಣ್ಣು ಕೊಡವಿ ನನ್ನ ಕಡೆ ತಿರುಗಿದ್ರು.

"ಗೆದ್ದೆ ಬುಡು. ಈಗ ಎರಡೂ ಕಾಲೆತ್ತಿ ಕುಣಿ."