ಅವ್ವನ ಖಾನಾವಳಿಗೆ ರಜೆ ಇರಲಿಲ್ಲ

ಖಾನಾವಳಿ ಇಟ್ಟವರ ಮನೆಯಲ್ಲಿ ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಹಸಿದವರ ಬೆನ್ನಿಗೇ ಅದೂ ಒಳಗೆ ಬರುತ್ತದೆ. ಅಳು ಬರುವುದೂ ಅದೇ ಬಾಗಿಲಿನಿಂದ, ಏನು ಮಾಡುವುದು!

ನಮ್ಮದು ರಾಜಗೋಪಾಲನಗರದಲ್ಲಿ ಜೋಳದ ರೊಟ್ಟಿಯ ಖಾನಾವಳಿ. ಅಪ್ಪ ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು, ಕಟ್ಟುತ್ತಿದ್ದ ಕಟ್ಟಡದ ಮೇಲಿಂದಲೇ ಬಿದ್ದು ತೀರಿಕೊಂಡ. ನಾನಾಗ ಸಣ್ಣವಳು. ಊರಿಗೆ ವಾಪಸ್ ಬಾ ಎಂದು ಎಲ್ಲರೂ ಹೇಳಿದರೂ ಅವ್ವ ಇಲ್ಲೇ ಉಳಿದು, ಅಪ್ಪನ ಜೊತೆ ಕೆಲಸ ಮಾಡುತ್ತಿದ್ದವರಿಗೆ ರೊಟ್ಟಿ ಬಡಿಯಲು ಕೂತಳು. ಆ ರೊಟ್ಟಿಯಿಂದಲೇ ನನ್ನ ಓದು, ನನ್ನ ಮದುವೆ ಎಲ್ಲ ಆಯಿತು. ಈಗ ನಾನು ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್. ನನ್ನ ಕೈಕೆಳಗಿನ ಅಷ್ಟೊಂದು ಜನ ನಾನು ಹೇಳಿದ ಮಾತು ಕೇಳುತ್ತಾರೆ. ಅವ್ವ ಮಾತ್ರ ಕೇಳಲಿಲ್ಲ. ಅವಳ ಹೃದಯ ಸೋತಿದೆ, ಒಲೆ ಬಿಡದಿದ್ದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ, ಖಾನಾವಳಿ ಮುಚ್ಚಿಸಬೇಕೆಂದು ನಾನು ಅವಳ ಜೊತೆ ಗುದ್ದಾಡಿದ್ದೇ ಗುದ್ದಾಡಿದ್ದು. ಈ ಪ್ರಸಂಗಗಳೆಲ್ಲ ಆ ಗುದ್ದಾಟದವು.

ಡಾಕ್ಟರ ಸಲಹೆ

ಡಾಕ್ಟರು ಒಳ್ಳೆಯವರು. ಅವ್ವನನ್ನು ಎದುರಿಗೆ ಕೂರಿಸಿಕೊಂಡು, "ನೋಡಿ ಅಮ್ಮ, ಬೆಂಕಿ ಮುಂದೆ ಕೂರಬಾರದು. ಭಾರ ಎತ್ತಬಾರದು. ಪೂರ್ತಿ ರೆಸ್ಟ್ ತಗೋಬೇಕು" ಎಂದು ಸಮಾಧಾನದಿಂದ ಹೇಳಿದರು.

ಅವ್ವ ಎಲ್ಲಕ್ಕೂ ಹೂಂ ಎಂದು ತಲೆಯಾಡಿಸಿ, "ಸಾಹೇಬ್ರ, ನೀವು ಮಧ್ಯಾಹ್ನ ಊಟಕ್ಕ ಏನ್ ಮಾಡ್ತೀರಿ?" ಎಂದು ಕೇಳಿದಳು.

"ಹೋಟ್ಲಿಂದ ತರಿಸ್ಕೋತೀನಿ."

"ದಿನಾ ಹೋಟೆಲ್ ಊಟ! ನಿಮ್ಮ ಹೊಟ್ಟಿ ಗತಿ ಏನ್ರಿ?" ಎಂದು ಅವ್ವ ಮರುಗಿದಳು. ನಾನು ಅವಳ ಕೈ ಹಿಡಿದು ಎಬ್ಬಿಸಿಕೊಂಡು ಬಂದೆ.

ಸ್ವಲ್ಪ ದಿನವಾದ ಮೇಲೆ ನಾನೊಬ್ಬಳೇ ಅವರ ಬಳಿ ಹೋದೆ. ಅವ್ವ ಮಾತು ಕೇಳುತ್ತಿಲ್ಲ, ನೀವೇ ಜೋರು ಮಾಡಬೇಕು ಎಂದು ಬೇಡಿಕೊಳ್ಳುವುದಿತ್ತು. ನನ್ನನ್ನು ನೋಡಿ ಡಾಕ್ಟರು, "ಅಮ್ಮ ಹೇಗಿದ್ದಾರೆ? ರೆಸ್ಟ್ ತಗೋತಿದ್ದಾರಾ?" ಎಂದರು. ಅವರ ಮೇಜಿನ ಮೂಲೆಯಲ್ಲಿ ನಮ್ಮ ಖಾನಾವಳಿಯ ಡಬ್ಬಿ ತೊಳೆದು ಬೋರಲು ಹಾಕಿತ್ತು.

"ಅದನ್ನ ನೀವೇ ಹೇಳ್ಬೇಕು ಸಾರ್. ಇವತ್ತು ಎಣ್ಣೆಗಾಯಿ ಹೇಗಿತ್ತು?" ಎಂದೆ.

ಶಟರ್ ರಿಪೇರಿ

ಮಾತಿನಿಂದ ಆಗದ್ದನ್ನು ಬೀಗದಿಂದ ಮಾಡೋಣ ಎಂದುಕೊಂಡೆ. ನಮ್ಮ ಮನೆ ಇರುವುದು ಖಾನಾವಳಿಯ ಮೇಲೆಯೇ. ಒಂದು ಬೆಳಿಗ್ಗೆ ಅವ್ವ ಸ್ನಾನಕ್ಕೆ ಹೋದಾಗ ಕೆಳಗೆ ಶಟರ್ ಎಳೆದು ಬೀಗ ಜಡಿದು, ಕೀಲಿಯನ್ನು ಚೀಲಕ್ಕೆ ಹಾಕಿಕೊಂಡು ಫ್ಯಾಕ್ಟರಿಗೆ ಹೊರಟುಹೋದೆ.

ನಾನೊಂದು ಮರೆತಿದ್ದೆ. ನಮ್ಮ ಗಿರಾಕಿಗಳೆಲ್ಲ ಲೇತು, ವೆಲ್ಡಿಂಗ್, ಪ್ರೆಸ್ ಶಾಪಿನವರು. ಊಟದ ಹೊತ್ತಿಗೆ ಬಂದು ಮುಚ್ಚಿದ ಶಟರ್ ನೋಡಿದರು. ಈ ಖಾನಾವಳಿಗೂ ರಜೆ ಇರಬಹುದು ಎಂಬ ಯೋಚನೆ ಒಬ್ಬನಿಗೂ ಬರಲಿಲ್ಲ. ಏನೋ ರಿಪೇರಿ ಎಂದುಕೊಂಡರು.

"ಯವ್ವಾ, ಶಟರ್ ಜಾಮ್ ಆಗೇತೇನ್ರಿ?" ಎಂದು ಕೆಳಗಿನಿಂದ ಒಬ್ಬ ಕೂಗಿದ.

ಅವ್ವ ಸುಳ್ಳು ಹೇಳುವವಳಲ್ಲ. ಮೇಲಿನಿಂದ ಬಗ್ಗಿ, "ಏನೋಪಾ, ತಗಿಯಾಕ ಬರವಲ್ದು ನೋಡು" ಎಂದಳು.

ಅಷ್ಟು ಸಾಕಾಯಿತು. ಒಬ್ಬ ಗ್ರೀಸ್ ತಂದ, ಇನ್ನೊಬ್ಬ ಕಟಿಂಗ್ ಮಷೀನ್ ಹೊತ್ತು ತಂದ. ಸಂಜೆ ನಾನು ಬರುವಾಗ ಖಾನಾವಳಿ ತುಂಬಿತ್ತು, ಅವ್ವ ಒಲೆಯ ಮುಂದಿದ್ದಳು, ಏದುಸಿರು ಬಿಡುತ್ತಿದ್ದಳು. ಸಿಟ್ಟಿನಿಂದ ಶಟರ್ ಹತ್ತಿರ ಹೋದೆ. ಬೀಗ ಇರಲಿಲ್ಲ. ಬೀಗ ಹಾಕುವ ಕೊಂಡಿಯೂ ಇರಲಿಲ್ಲ. ಅದನ್ನು ಬುಡಸಮೇತ ಕತ್ತರಿಸಿ, ಆ ಜಾಗವನ್ನು ನುಣ್ಣಗೆ ಉಜ್ಜಿ, ಬಣ್ಣ ಬೇರೆ ಬಳಿದಿದ್ದರು.

ವೆಲ್ಡಿಂಗಿನವ ರೊಟ್ಟಿ ಮುರಿಯುತ್ತ ಹೆಮ್ಮೆಯಿಂದ ಹೇಳಿದ: "ಇನ್ನ ಮ್ಯಾಲ ಎಂದೂ ಜಾಮ್ ಆಗದಂಗ ಮಾಡೇವ್ರಿ ಅಕ್ಕಾರ."

ಆಸ್ಪತ್ರೆಯಲ್ಲಿ ರೊಟ್ಟಿ

ಕೊನೆಗೆ ಆಗಬಾರದ್ದು ಆಯಿತು. ಅವ್ವ ಒಲೆಯ ಮುಂದೆಯೇ ಕುಸಿದಳು. ಆಟೋದಲ್ಲಿ ಆಸ್ಪತ್ರೆಗೆ ಹೋಗುವಾಗ, ಇವಳಿಲ್ಲದೆ ನಾನು ಏನು ಎಂಬುದೊಂದೇ ಯೋಚನೆ.

ಮೈತುಂಬ ನಳಿಗೆ ಹಾಕಿ ಮಲಗಿಸಿದ್ದರು. ಎಚ್ಚರವಿರಲಿಲ್ಲ. ಮರುದಿನ ಇದ್ದಕ್ಕಿದ್ದ ಹಾಗೆ ಅವಳ ಬಲಗೈ ಹಾಸಿಗೆಯನ್ನು ಪಟಪಟ ಬಡಿಯತೊಡಗಿತು. ಬಡಿಯುವುದು, ಸ್ವಲ್ಪ ತಿರುಗಿಸುವುದು, ಮತ್ತೆ ಬಡಿಯುವುದು.

"ಪೇಷಂಟ್‌ಗೆ ಫಿಟ್ಸ್ ಬಂತು!" ಎಂದು ನರ್ಸ್ ಓಡಿದರು. ಡ್ಯೂಟಿ ಡಾಕ್ಟರು ಇಂಜೆಕ್ಷನ್ ಹಿಡಿದುಕೊಂಡೇ ಬಂದರು.

"ಫಿಟ್ಸ್ ಅಲ್ಲ ಸಾರ್, ರೊಟ್ಟಿ" ಎಂದೆ.

ಅವರಿಗೆ ಅರ್ಥವಾಗಲಿಲ್ಲ. ನಾನು ಅವ್ವನ ಕೈ ಹಿಡಿದು ನಿಲ್ಲಿಸಲು ನೋಡಿದೆ. ಅವಳು ಕಣ್ಣು ಮುಚ್ಚಿಕೊಂಡೇ ನನ್ನ ಕೈ ಕೊಡವಿ, "ಬಿಡಽ, ಹಿಟ್ಟ ಒಣಗ್ತೈತಿ" ಎಂದು ಗೊಣಗಿದಳು. ನಾನು ಆ ಕೈಯನ್ನು ಕೆನ್ನೆಗೆ ಒತ್ತಿಕೊಂಡು ಅತ್ತುಬಿಟ್ಟೆ. ಪ್ರಾಣ ಹೋಗುವ ಹೊತ್ತಿನಲ್ಲೂ ಇನ್ನೊಬ್ಬರಿಗೆ ಬಡಿಸುವ ಚಿಂತೆ ಇರುವ ಮನುಷ್ಯರನ್ನು ನಾನು ಬೇರೆ ಎಲ್ಲೂ ನೋಡಿಲ್ಲ.

ಪಕ್ಕದ ಹಾಸಿಗೆಯಲ್ಲಿ ಬಾಗಲಕೋಟೆ ಕಡೆಯ ಒಬ್ಬ ಅಜ್ಜ, ಮೂಗಿಗೆ ಆಕ್ಸಿಜನ್ ಹಾಕಿಸಿಕೊಂಡು ಮಲಗಿದ್ದ. ಪಟಪಟ ಸದ್ದು ಕೇಳಿ ಮೆಲ್ಲಗೆ ನನ್ನ ಕಡೆ ಹೊರಳಿ, "ತಂಗೀ, ನನಗ ಸ್ವಲ್ಪ ತೆಳ್ಳಗ ಇರ್ಲಿ" ಎಂದ.

ಕೊನೆಯ ಗಿರಾಕಿ

ಆಸ್ಪತ್ರೆಯಿಂದ ಅವ್ವ ವಾಪಸ್ ಬಂದಳು. ಬಂದವಳು ಮಲಗಲಿಲ್ಲ, ಮತ್ತೆ ಒಲೆ ಹಚ್ಚಿದಳು. ಒಂದು ಬೆಳಿಗ್ಗೆ ರೊಟ್ಟಿಯೆಲ್ಲ ಬಡಿದು ಬುಟ್ಟಿಗೆ ಹಾಕಿ, ಬಟ್ಟೆ ಮುಚ್ಚಿ, ನೀರು ಕುಡಿಯಲು ಕೂತಲ್ಲೇ ಹೋಗಿಬಿಟ್ಟಳು. ನಾನು ಸೋತೆ.

ನಮ್ಮವರಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಹಣೆಗೆ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸುತ್ತೇವೆ. ಮೇಲಿನ ಮನೆ ಇಕ್ಕಟ್ಟು, ಆದ್ದರಿಂದ ಖಾನಾವಳಿಯಲ್ಲೇ ಕೂರಿಸಿದೆವು. ಬಂದವರು ಬೆಂಚುಗಳ ಮೇಲೆ ಸಾಲಾಗಿ ಕೂತು ತಲೆ ತಗ್ಗಿಸಿದ್ದರು. ಹೂವು ತರಲು ಹೋದವರು ಇನ್ನೂ ಬಂದಿರಲಿಲ್ಲ.

ಅಷ್ಟರಲ್ಲಿ ಒಬ್ಬ ಟೆಂಪೊ ಡ್ರೈವರ್ ಗಡಿಬಿಡಿಯಿಂದ ಒಳಗೆ ನುಗ್ಗಿದ. ಜಿಗಣಿಯಿಂದ ಲೋಡ್ ತಂದಿದ್ದ, ಈ ಕಡೆಗೆ ಹೊಸಬ. ಕೂತ ಜನರನ್ನು ನೋಡಿದ, ಕಣ್ಣು ಮುಚ್ಚಿ ಕೂತ ಅವ್ವನನ್ನು ನೋಡಿದ.

"ಅಮ್ಮಾ, ಎರಡು ಊಟ ಪಾರ್ಸೆಲ್. ಸ್ವಲ್ಪ ಅರ್ಜೆಂಟು."

ಬೆಂಚಿನ ಮೇಲಿದ್ದವರೆಲ್ಲ ತಲೆ ಎತ್ತಿ ಅವನನ್ನೇ ನೋಡಿದರು. ಅವನು ದನಿ ತಗ್ಗಿಸಿ, ಪಕ್ಕದಲ್ಲಿ ಕೂತಿದ್ದ ನನ್ನ ಸೋದರಮಾವನನ್ನು ಕೇಳಿದ: "ಪೂಜೇಲಿದಾರಾ ಅಣ್ಣ? ಎಷ್ಟೊತ್ತಾಗುತ್ತೆ?"

ಮಾವ ಬಿಕ್ಕಿದ. "ಇನ್ನ ಏಳೂದಿಲ್ಲಪಾ ನಮ್ಮಕ್ಕ."

"ಅಯ್ಯೋ, ಏಳೋದೇನೂ ಬೇಡ ಅಣ್ಣ. ಕೂತ್ಕೊಂಡೇ ಹೂಂ ಅಂದ್ರೆ ಸಾಕು, ಒಳಗೆ ಹೋಗಿ ನಾನೇ ಹಾಕ್ಕೋತೀನಿ."

ಮೊದಲು ಯಾರು ನಕ್ಕರೋ ಗೊತ್ತಿಲ್ಲ. ನಾನಂತೂ ನಕ್ಕೆ. ಅಳುತ್ತಲೇ, ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಮಾವನ ಹೆಗಲೂ ಕುಲುಕುತ್ತಿತ್ತು. ಡ್ರೈವರ್‌ಗೆ ಆಗ ತಿಳಿಯಿತು. ಕೈ ಜೋಡಿಸಿಕೊಂಡು ಹಿಂದಕ್ಕೆ ಸರಿದ.

"ತಪ್ಪಾಯ್ತು ಅಕ್ಕ, ಗೊತ್ತಾಗ್ಲಿಲ್ಲ. ಏನೂ ಬೇಡ, ನಾನು ಹೊರಡ್ತೀನಿ."

ನಾನು ಎದ್ದು ಒಳಗೆ ಹೋದೆ. ಬುಟ್ಟಿಯಲ್ಲಿ ಅವ್ವ ಬಡಿದ ರೊಟ್ಟಿ ಇನ್ನೂ ಮೆತ್ತಗಿದ್ದವು. ಸಾವಿನ ಮನೆಯಿಂದ ಊಟ ಕೊಡಬಾರದು ಎಂದು ಮಾವನ ಹೆಂಡತಿ ಗದರಿದರೂ ಕೇಳದೆ, ಎರಡು ಊಟ ಕಟ್ಟಿ ತಂದು ಅವನ ಕೈಗೆ ಇಟ್ಟೆ. ಅವನು ಬೇಡ ಬೇಡ ಎಂದು ಕೈ ಎಳೆದುಕೊಂಡ.

"ಸುಮ್ನೆ ತಗೊಂಡ್ ಹೋಗಣ್ಣ" ಎಂದೆ. "ನೀನು ಹಸ್ಕೊಂಡ್ ಹೋದ್ರೆ ಅವ್ವ ನಿಜವಾಗ್ಲೂ ಎದ್ದು ಬಂದ್ಬಿಡ್ತಾಳೆ."